ರೋಗಿಯ ಫೋಟೊ

"ಇನ್ನೂ ಸ್ವಲ್ಪ ನಡುಗಿ, ದ್ಯಾಮಕ್ಕ" ಎಂದೆ, ಮೊಬೈಲ್ ಎತ್ತಿ ಹಿಡಿದು.

"ಜ್ವರ ಇಲ್ದೆ ಹೆಂಗೆ ನಡುಗ್ಲಿ ಸಾರ್?" ಕಂಬಳಿಯೊಳಗೆ ಆಕೆ ಬೆವರುತ್ತಿದ್ದಳು.

ತಪ್ಪು ನಮ್ಮ ಸಂಸ್ಥೆಯದೇ. ಎರಡು ವರ್ಷ ಸೊಳ್ಳೆಪರದೆ ಹಂಚಿ, ಹೆದರುವವರಿಗೆಲ್ಲ ನಾನೇ ಧೈರ್ಯ ಹೇಳಿ ರಕ್ತ ಪರೀಕ್ಷೆ ಮಾಡಿಸಿ, ಊರಿನಿಂದ ಮಲೇರಿಯಾ ಓಡಿಸಿದ್ದೆವು. ರೋಗಿಗಳೇ ಇಲ್ಲದ ಊರಿಗೆ ಇನ್ನೂ ಹಣವೇಕೆ ಎಂದು ದಾನಿಗಳು ಕೇಳುತ್ತಿದ್ದರು. ಹಣ ನಿಂತರೆ ಪರದೆಯೂ ಇಲ್ಲ, ನನ್ನ ಸಂಬಳವೂ ಇಲ್ಲ.

ಮೂರನೆಯ ಫೋಟೊ ಕೂಡ ಅಲುಗಿತು. ದ್ಯಾಮಕ್ಕ ಎದ್ದು ಬಂದು ನನ್ನ ಹಣೆ ಮುಟ್ಟಿದಳು.

"ನಡುಗ್ತಿರೋದು ನೀವು. ಮೈ ಕೆಂಡ ಆಗೈತೆ. ನಿಮಗೆ ಬೇಕಾದ ರೋಗಿ ಸಿಕ್ಕಂಗಾಯ್ತಲ್ಲ. ಇರಿ, ಆಶಾ ಕಾರ್ಯಕರ್ತೇನ ಕರೀತೀನಿ, ಬೆರಳು ಚುಚ್ಚಿ ನೋಡ್ಲಿ."

"ಬೇಡ" ಎಂದೆ. "ನಂಗೆ ಸೂಜಿ ಕಂಡ್ರೆ ಆಗಲ್ಲ."