ಹಾರಿಸ್ ಮನೆತನದ ಹುಡುಗಿ

“ಇವತ್ತಿಂದ ನೀನು ಕ್ಲೇರ್ ಹಾರಿಸ್ ಅಲ್ಲ, ಕ್ಲೇರ್ ಬೇಕರ್,” ಎಂದ ಮನೋಜ್, ಕುರ್ಚಿ ಸ್ವಲ್ಪ ಆ ಕಡೆ ಸರಿಸಿಕೋ ಅಂದಷ್ಟು ಸಲೀಸಾಗಿ. “ವಡೋದರಾ ಆಫೀಸಿನಲ್ಲೂ ಇಬ್ಬರು ಹಾರಿಸ್ ಇದ್ದಾರೆ. ಗಿರಾಕಿಗಳಿಗೆ ಗೊಂದಲ ಆಗ್ತಿದೆ.”

ಚೈತ್ರಾ ಹೆಡ್‌ಫೋನ್ ಕೈಯಲ್ಲೇ ಹಿಡಿದು ಕೂತಳು. ಅಹಮದಾಬಾದಿನ ಆ ಕಾಲ್ ಸೆಂಟರಿನಲ್ಲಿ ಕೂತು ಇಂಗ್ಲೆಂಡಿನವರ ಕರೆಂಟು ಬಿಲ್ಲಿನ ತಕರಾರು ಕೇಳುವುದು ಅವಳ ಕೆಲಸ, ಮನೋಜ್ ಅವಳ ಮೇಲಿನವನು. ಸೇರಿದ ದಿನವೇ ಕಂಪನಿ ಎಲ್ಲರಿಗೂ ಒಂದೊಂದು ಇಂಗ್ಲಿಷ್ ಹೆಸರು ಹಂಚಿತ್ತು. ತನಗೆ ಸಿಕ್ಕಿದ್ದು ಎಂಥದ್ದೋ ನೋಡೋಣವೆಂದು ಫೋನಿನಲ್ಲಿ ಹುಡುಕಿದರೆ, ಒಂದು ಸಂತೆಗಾಗುವಷ್ಟು ಹಾರಿಸ್‌ಗಳು. ಹಾಡುವವರು, ಕ್ರಿಕೆಟ್ ಆಡುವವರು, ಮುಂಬಯಿಗೆ ಗವರ್ನರಾಗಿ ಬಂದವನು, ಅಮೆರಿಕದಲ್ಲೊಂದು ಜಿಲ್ಲೆ, ಸ್ಕಾಟ್ಲೆಂಡಿನ ಕಡೆ ಸಮುದ್ರದಲ್ಲೊಂದು ದ್ವೀಪ. ಅಪ್ಪ ಸದಾಶಿವ ಬಿದ್ದು ಬಿದ್ದು ನಕ್ಕಿದ್ದರು. “ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷ್ ಜನರಲ್ ಕೂಡ ಹಾರಿಸ್ಸೇ ಕಣೇ. ನಮ್ಮೂರಿಗೆ ಫಿರಂಗಿ ಹೊಡೆಸಿದವನ ಹೆಸರಿಟ್ಕಂಡು ಬಂದಿದ್ದೀಯಲ್ಲ, ನಿಮ್ಮಜ್ಜಿ ಇದ್ದಿದ್ರೆ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ.”

ನಮ್ಮೂರು ಅನ್ನುವ ಮಾತು ಅಪ್ಪನಿಗೆ ಸಲ್ಲುತ್ತದೆ. ವಿಮಾ ಕಂಪನಿಯ ವರ್ಗಾವಣೆಗಳ ದೆಸೆಯಿಂದ ಮಗಳು ಹುಟ್ಟಿದ್ದು ಸೂರತ್ತಿನಲ್ಲಿ, ಓದಿದ್ದು ವಡೋದರಾದಲ್ಲಿ, ಈಗ ಇಲ್ಲಿ. ಕನ್ನಡ ಸಂಘದ ಊಟದಲ್ಲಿ ಯಾರಾದರೂ “ಯಾವ ಕಡೆಯವರಮ್ಮ ನೀವು?” ಅಂದರೆ ಸಾಕು, ಪಾಪ, ಹುಡುಗಿಯ ಬಾಯಿ ಕಟ್ಟಿಹೋಗುತ್ತದೆ.

ಇಂಥವಳಿಗೆ ಮಿಸ್ ಹಾರಿಸ್ ಗಂಟುಬಿದ್ದಿದ್ದರು. ಎಂಬತ್ತು ದಾಟಿದ, ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದ ಹಿರಿಯ ಜೀವ. ಮೀಟರಿನ ಅಂಕಿ ಹೇಳಲು ಫೋನ್ ಮಾಡಿದವರು ಚೈತ್ರಾಳ ಹೆಸರು ಕೇಳಿದ್ದೇ ಮೀಟರನ್ನು ಮರೆತರು. “ಹಾರಿಸ್ಸಾ? ಯಾವ ಕಡೆಯವರಮ್ಮ ನೀವು?” ಕೇಳಿದ್ದು ಇಂಗ್ಲಿಷಿನಲ್ಲೇ, ರಾಗ ಮಾತ್ರ ಥೇಟ್ ಸಂಘದ ಹೆಂಗಸರದ್ದು. ಚೈತ್ರಾಳ ಬಾಯಿಂದ ನಿಜವೇ ಬಿತ್ತು. “ನಮ್ಮಜ್ಜಿಯ ಊರು ಒಂದು ದ್ವೀಪ. ಸುತ್ತ ನೀರು.” ಕಾವೇರಿ ನೀರು ಅನ್ನುವಷ್ಟರಲ್ಲಿ ಆ ಕಡೆಯಿಂದ, “ಹಾರಿಸ್ ದ್ವೀಪ! ನಮ್ಮ ತಾತನೂ ಅಲ್ಲಿಯವನೇ. ಅಯ್ಯೋ ಮಗು, ನಮ್ಮ ಪೈಕಿ ಇನ್ನು ಯಾರೂ ಇಲ್ಲ ಅಂದುಕೊಂಡಿದ್ದೆ.” ಅಷ್ಟು ಸಂತೋಷಪಟ್ಟ ಜೀವಕ್ಕೆ ಅಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ಚೈತ್ರಾ ಹೂಂಗುಟ್ಟಿಬಿಟ್ಟಳು.

ಆಮೇಲೆ ಅದೇ ಅಭ್ಯಾಸವಾಯಿತು. ಬಿಲ್ಲು ಒಂದು ನೆಪ. “ನಮ್ಮ ಹಾರಿಸ್ ಹುಡುಗಿಗೆ ಕೊಡಿ” ಎಂದು ಕೇಳಿ ಪಡೆದು, ಮಿಸ್ ಹಾರಿಸ್ ತಾತನ ಕಲ್ಲುಮನೆಯನ್ನೂ ಅವನ ದೋಣಿಯನ್ನೂ ಬೆಳ್ಳಗಿನ ಮರಳನ್ನೂ ದಾರಿಗಡ್ಡ ಮಲಗುವ ಕುರಿಗಳನ್ನೂ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ಗಾಜಿನಾಚೆಯ ಏಪ್ರಿಲ್ ಬಿಸಿಲು ತೆಳುವಾಗಿ ಮಂಜಾಗುತ್ತಿತ್ತು. ಮನೆಗೆ ಹೋಗುವ ಬಸ್ಸು ಸಾಬರಮತಿ ಸೇತುವೆ ಹತ್ತಿದರೆ ಉಪ್ಪಿನ ಗಾಳಿ ಬಂದ ಹಾಗಾಗಿ, ಇಳಿಯುವ ಸ್ಟಾಪು ಹಿಂದೆಯೇ ಉಳಿಯುತ್ತಿತ್ತು. ಕನಸಿನಲ್ಲಂತೂ ಅಜ್ಜಿ ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಆ ಮರಳಿನ ಮೇಲೆ ನಿಂತಿರುತ್ತಿದ್ದಳು. ಕುರಿಗಳು ಅವಳ ಸೆರಗು ಮೂಸುತ್ತಿದ್ದವು. “ಬಾರೇ, ಕಾಲು ತೊಳ್ಕೊಂಡು ಒಳಕ್ಕೆ ಬಾ,” ಎಂದು ಅವಳು ಕರೆದರೆ ಹಿಂದಿನ ಕಲ್ಲುಮನೆಯ ಬಾಗಿಲು ತಾನಾಗಿ ತೆರೆಯುತ್ತಿತ್ತು. ನನಗೂ ಒಂದು ಊರಿದೆ ಅನ್ನಿಸಿ ಚೈತ್ರಾಳಿಗೆ ನಿದ್ದೆಯಲ್ಲೇ ಅಳು ಬರುತ್ತಿತ್ತು.

“ಒಬ್ಬರೇ ಒಬ್ಬರಿಗೆ ಹಳೇ ಹೆಸರಿರಲಿ, ಮನೋಜ್‌ಭಾಯಿ,” ಎಂದು ಈಗ ಕೇಳಿಕೊಂಡಳು.

“ಹೆಸರು ಕಂಪನಿದು, ನಿಂದಲ್ಲ. ಹೆಸರೇ ಸುಳ್ಳು ಅಂತ ಗಿರಾಕಿಗೆ ಬಾಯಿಬಿಟ್ಟೆಯೋ, ಕೆಲಸ ಹೋಗುತ್ತೆ. ಎಲ್ಲ ರೆಕಾರ್ಡ್ ಆಗ್ತಿರುತ್ತೆ,” ಎಂದವನು ಅಲ್ಲೇ ಹಿಂದೆ ನಿಂತ, ಮೊದಲ ಕರೆ ಹೇಗೆ ತೆಗೆಯುತ್ತಾಳೋ ನೋಡಲು.

ಕರೆ ಬಂತು. “ನಮಸ್ಕಾರ, ಕ್ಲೇರ್ ಬೇಕರ್ ಮಾತಾಡ್ತಿದ್ದೀನಿ.”

“ಕ್ಲೇರ್? ನಮ್ಮ ಕ್ಲೇರ್ ದನಿಯೇ ಅಲ್ವಾ?” ಮಿಸ್ ಹಾರಿಸ್. “ಬೇಕರ್ ಅಂದೆಯಲ್ಲಮ್ಮ?”

ಚೈತ್ರಾ ಹಿಂದೆ ನಿಂತ ಮನೋಜ್‌ನತ್ತ ತಿರುಗಿ ನೋಡಿದಳು. ಹಿರಿಯ ಜೀವ ತಾನೇ ದಾರಿ ಹುಡುಕಿಕೊಂಡಿತು. “ಓ, ಮದುವೆಯಾಯ್ತಾ?”

ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು. ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ. ಆದರೆ ನಿಜ ಹೇಳಿದರೆ ಆ ಕಲ್ಲುಮನೆ, ಆ ಮರಳು, ಅಜ್ಜಿ, ಎಲ್ಲ ನೀರುಪಾಲು. ಇಬ್ಬರಿಗೂ.

“ಹೂಂ. ಆಯ್ತು,” ಎಂದಳು.

“ಹುಡುಗ ಒಳ್ಳೆಯವನಾ?”

“ಒಳ್ಳೆಯವನು.”

“ಸುಖವಾಗಿರು ಮಗು. ಹೆಣ್ಣುಮಕ್ಕಳ ಹೆಸರು ಇವತ್ತಲ್ಲ ನಾಳೆ ಬದಲಾಗೋದೇ.” ಮಿಸ್ ಹಾರಿಸ್ ಮೂಗು ಒರೆಸಿಕೊಂಡದ್ದು ಫೋನಿನಲ್ಲಿ ಕೇಳಿಸಿತು. ಮನೋಜ್ ತಲೆದೂಗಿ ಮುಂದಿನ ಸಾಲಿಗೆ ಹೋದ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ,” ಎಂದರು ಆಕೆ. “ಮದುವೆ ದಿನ ನಮ್ಮ ಮನೆತನದವರು ಅಂತ ನಿನ್ನ ಪಕ್ಕದಲ್ಲಿ ಯಾರು ನಿಂತಿದ್ದರು?”