ನಾಲ್ಕನೆಯ ದೂರು

ಟೀಟ್ಯನ್ ರಸ್ತೆಯ ನಡುವೆಯೇ ಮೊಣಕಾಲೂರಿ ಕೂತ. ಕ್ಯಾಮೆರಾ ಕಣ್ಣಿಗೇರಿತು. ಬ್ರೆಡ್ ಅಂಗಡಿಯ ವೀಬ್ಕೆ ಹಾರ್ಮ್ಸ್ ಅದನ್ನು ಕಂಡಳು, ಕೈಯ ಚಾಕು ಅರ್ಧ ಕೊಯ್ದ ಬ್ರೆಡ್ಡಿನಲ್ಲೇ ನಿಂತಿತು.

"ಬಂತು ನೋಡು ಪೀಡೆ," ಎಂದ ಪಕ್ಕದ ಮೀನಂಗಡಿಯ ಹಿನ್ನರ್ಕ್.

ಏಪ್ರಿಲ್ ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ. ಆರು ತಿಂಗಳ ಮೇಲೆ ಬಿಸಿಲು ಕಂಡ ಊರು ಪೂರ್ತಿ ಚೌಕಕ್ಕೆ ಬಂದು ಬಿದ್ದಿತ್ತು. ಜನ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಬಿಸಿಲಿಗೆ ಮುಖವೊಡ್ಡಿ ಕೂತಿದ್ದರು. ಐಸ್‌ಕ್ರೀಮಿಗೆ ಸಾಲು ಕಾರಂಜಿಯವರೆಗೆ ಹೋಗಿತ್ತು. ತಿಂಗಳು ಹುಟ್ಟಿದ ಎರಡೇ ವಾರದಲ್ಲಿ ಲಿಂಡನ್ ಮರಗಳೆಲ್ಲ ಎಲೆ ಹೊದ್ದು ನಿಂತಿದ್ದವು. ಪುರಸಭೆಯ ಇಬ್ಬರು ಆಳುಗಳು ಕೊಂಬೆ ಸವರುತ್ತ ಒಂದೊಂದೇ ಮರ ಮುಗಿಸಿ ಬರುತ್ತಿದ್ದರು. ಗರಗಸದ ಗದ್ದಲಕ್ಕೆ ಕಾಫಿ ಕುಡಿಯುವವರು ಬೈದುಕೊಳ್ಳುತ್ತಿದ್ದರು.

ಇಂಥ ದಿನ ಮನುಷ್ಯನಾದವನು ಫೋಟೋ ತೆಗೆದರೆ ಹೂವಿನದು ತೆಗೆಯುತ್ತಾನೆ, ಹೆಂಡತಿಯದು ತೆಗೆಯುತ್ತಾನೆ. ಓರ್ಟ್‌ವಿನ್ ಟೀಟ್ಯನ್ ತೆಗೆಯುತ್ತಿದ್ದದ್ದು ಗೆರೆ ದಾಟಿದ ಚಕ್ರಗಳದ್ದು. ಪ್ರತಿ ಊರಿಗೂ ಇಂಥವನೊಬ್ಬ ಇರುತ್ತಾನೆ. ನಿವೃತ್ತನಾದ ಮೇಲೆ ಕೈಗೆ ಕೆಲಸವಿಲ್ಲ, ಎದೆಯಲ್ಲಿ ಕನಿಕರವಿಲ್ಲ. ತಪ್ಪಾಗಿ ನಿಂತ ಗಾಡಿ ಕಂಡರೆ ಸಾಕು, ಪುರಸಭೆಗೆ ದೂರು. ಪುರಸಭೆಯವರು ಬಾಯಿಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ತಾರೀಖು ಬಿದ್ದ ಫೋಟೋ ಕೇಳುತ್ತಾರೆ. ಹಾಗಾಗಿ ಒಂಬತ್ತು ವರ್ಷದಲ್ಲಿ ಅವನ ಒಂದು ದೂರೂ ಸೋತಿರಲಿಲ್ಲ. ಸ್ವಂತ ತಂಗಿಯ ಕಾರನ್ನೂ ಬಿಟ್ಟವನಲ್ಲ. ಒಮ್ಮೆ ತನ್ನ ಸೈಕಲ್ಲಿನ ಮೇಲೆ ತಾನೇ ದೂರು ಕೊಟ್ಟಿದ್ದನೆಂದು ಊರವರು ಆಡಿಕೊಂಡು ನಗುತ್ತಿದ್ದರು.

ಕಳೆದ ಹತ್ತು ದಿನದಲ್ಲಿ ವೀಬ್ಕೆಯ ಮೇಲೆ ಮೂರು ದೂರು ಹೋಗಿದ್ದವು. ಚೌಕದ ಮೂಲೆಯಲ್ಲಿ ಚಳಿಗಾಲದಲ್ಲಿ ಹೊಸ ಫಲಕ ನೆಟ್ಟಿದ್ದರಂತೆ, ಹನ್ನೆರಡರ ಮೇಲೆ ಒಳಗೆ ಗಾಡಿ ತರುವಂತಿಲ್ಲವಂತೆ. ದೂರಿನ ಕಾಗದ ಬಂದ ಮೇಲೆ ಅವಳು ನಡೆದು ಹೋಗಿ ಕಂಬದ ಬುಡದಲ್ಲಿ ನಿಂತು ತಲೆಯೆತ್ತಿದ್ದಳು. ಫಲಕ ಇತ್ತು. ತನ್ನದೇ ತಪ್ಪೆಂದು ಬಾಯಿ ಮುಚ್ಚಿಕೊಂಡಿದ್ದಳು. ಗಾಡಿಯ ಪರವಾನಗಿಯ ತೀರ್ಮಾನ ಸೋಮವಾರ. ಪರವಾನಗಿ ಹೋದರೆ ಚೌಕಕ್ಕೆ ಗಾಡಿ ಬರುವಂತಿಲ್ಲ, ಗಾಡಿಯಿಲ್ಲದೆ ಬ್ರೆಡ್ಡಿಲ್ಲ, ಇಪ್ಪತ್ತೆರಡು ವರ್ಷದ ಅಂಗಡಿ ಅಲ್ಲಿಗೆ ಮುಗಿದಂತೆ. ಇನ್ನೊಂದು ದೂರು ಬಾರದಿದ್ದರೆ ಈ ಸಲ ಕ್ಷಮಿಸಿಯಾರು ಎಂದು ಕಚೇರಿಯ ಗುಮಾಸ್ತೆಯೊಬ್ಬಳು ಆಸೆ ತೋರಿಸಿದ್ದಳು.

ಅದಕ್ಕೇ ಇವತ್ತು ಗಾಡಿಯನ್ನು ಮೂಲೆಗಿಂತ ಹಿಂದೆ, ಅನುಮತಿಯಿದ್ದ ರಸ್ತೆಯಲ್ಲೇ ನಿಲ್ಲಿಸಿದ್ದಳು. ಟೀಟ್ಯನ್ ಕೂತದ್ದು ಸರಿಯಾಗಿ ಆ ಗಾಡಿಯ ಹಿಂದೆ. ವೀಬ್ಕೆ ಓಡಿಹೋಗಿ ಬಗ್ಗಿ ನೋಡಿದಳು. ಒಂದು ಚಕ್ರ ಬಿಳಿ ಗೆರೆಯಿಂದ ಗೇಣು ಆಚೆಗಿತ್ತು.

ಅವನು ಒಮ್ಮೆ ಕೂತು, ಒಮ್ಮೆ ಅರ್ಧ ಎದ್ದು, ಎತ್ತರ ಅಳೆದಳೆದು ಫೋಟೋ ತೆಗೆಯುತ್ತಿದ್ದ.

"ಏನ್ರೀ ಸಾಹೇಬ್ರೇ, ಮೂರು ಸಾಲ್ಲಿಲ್ವಾ ನಿಮ್ಗೆ?"

"ಇದು ನಿಮ್ ವಿಷಯಾನೇ, ಹಾರ್ಮ್ಸ್ ಅವ್ರೇ. ಸೋಮವಾರ ಆಫೀಸಿಗೆ ಸೇರ್ಬೇಕು." ಅವನು ಕ್ಯಾಮೆರಾದಿಂದ ಕಣ್ಣು ಕೀಳಲಿಲ್ಲ. "ಸ್ವಲ್ಪ ಸರೀರಿ, ಅಡ್ಡ ಬರ್ತಿದೀರಿ."

ಹಿನ್ನರ್ಕ್ ಮೀನಿನ ಕೈ ಒರೆಸುತ್ತ ಬಂದ. ಕಾಫಿಯವರು ಎದ್ದು ಬಂದರು, ಐಸ್‌ಕ್ರೀಮಿನ ಸಾಲು ಇತ್ತ ತಿರುಗಿತು. ಯಾರು ಕೇಳಿದರೂ ಟೀಟ್ಯನ್‌ದು ಒಂದೇ ಉತ್ತರ. ಕೆಲಸ ಮುಗಿದು ಕಾಗದ ಕಚೇರಿಗೆ ಹೋಗುವ ಮುಂಚೆ ತಾನು ಯಾರಿಗೂ ಏನೂ ಹೇಳುವುದಿಲ್ಲ, ನಿಯಮ ನಿಯಮವೇ. ಆ ಮಾತಿನ ಧಾಟಿಗೇ ಮೈ ಉರಿಯುವಂತಿತ್ತು. ಅವನು ಗಡಿಯಾರ ನೋಡಿಕೊಂಡು, ದಯವಿಟ್ಟು ತಡ ಮಾಡಿಸಬೇಡಿ ಎಂದೂ ಸೇರಿಸಿದ.

ವೀಬ್ಕೆ ಕ್ಯಾಮೆರಾಕ್ಕೆ ಕೈ ಹಾಕಿದಳು. ಅವನು ಕೊಸರಾಡಿದ, ಹಿನ್ನರ್ಕ್ ಅವನ ತೋಳು ಹಿಡಿದ. ಅವಳು ಫೋಟೋಗಳಿದ್ದ ಉಗುರಗಲದ ಕಾರ್ಡನ್ನು ಹೊರಗೆಳೆದಳು, ಎರಡಾಗಿ ಮುರಿದಳು, ಮುರಿದದ್ದನ್ನು ಮತ್ತೆ ಮುರಿದಳು. ಖಾಲಿ ಕ್ಯಾಮೆರಾವನ್ನು ಅವನ ಎದೆಗೆ ಒತ್ತಿದಳು. ಜನ ಚಪ್ಪಾಳೆ ತಟ್ಟಿದರು. ಹತ್ತು ದಿನದಿಂದ ನಿದ್ದೆ ಕಾಣದ ಹೆಂಗಸಿಗೆ ಆ ಚಪ್ಪಾಳೆ ಎಷ್ಟು ಹಿತವಾಗಿತ್ತೆಂದು ಹೇಳಬೇಕಿಲ್ಲ.

ಟೀಟ್ಯನ್ ಬಿಳಿಚಿಕೊಂಡಿದ್ದ. ಗರಗಸದ ಸದ್ದು ಕೇಳಿ ಹಿಂದಿರುಗಿ ನೋಡಿದ. ಆಳುಗಳು ಮೂಲೆಯ ಮರಕ್ಕೆ ಏಣಿ ಒರಗಿಸುತ್ತಿದ್ದರು.

"ಯಾರಾದ್ರೂ ಫೋನ್ ಕೊಡಿ," ಎಂದ. ಅವನ ಬಳಿ ಫೋನಿರಲಿಲ್ಲ, ಎಂದೂ ಇಟ್ಟುಕೊಂಡವನಲ್ಲ. "ಒಂದೇ ಒಂದು ಫೋಟೋ. ಬೇಗ."

ಅಲ್ಲಿದ್ದವರಲ್ಲಿ ಮೂವತ್ತು ಜನರ ಕೈಯಲ್ಲಾದರೂ ಫೋನಿತ್ತು. ಮೂವತ್ತೂ ಜೇಬು ಸೇರಿದವು.

"ನಮ್ ಫೋನಲ್ಲೇ ನಮ್ ಕುತ್ತಿಗೆ ಕೊಯ್ತಾನಂತೆ," ಎಂದ ಹಿನ್ನರ್ಕ್. ಎಲ್ಲರೂ ನಕ್ಕರು.

ಟೀಟ್ಯನ್ ಏಣಿಯ ಕಡೆಗೆ ಓಡಿದ. ಮುದುಕ ಓಡುವ ಚಂದಕ್ಕೆ ನಗು ಇನ್ನೂ ಜೋರಾಯಿತು. ಐದು ನಿಮಿಷ ತಾಳಿ ಎಂದು ಅವನು ಬೇಡಿಕೊಂಡದ್ದು ಕಿವಿ ಮುಚ್ಚುವ ಪಟ್ಟಿ ಹಾಕಿಕೊಂಡ ಆಳುಗಳಿಗೆ ಕೇಳಿಸಲಿಲ್ಲ. ಕೆಳಗಿನ ಕೊಂಬೆಗಳು ಎಲೆ ಸಮೇತ ದೊಪ್ಪೆಂದು ಬಿದ್ದವು. ಆಳುಗಳು ಅವನ್ನು ಎಳೆದು ಲಾರಿಗೆ ತುಂಬಿದರು.

ಅವನು ನಿಧಾನವಾಗಿ ವಾಪಸು ಬಂದು, ಗಾಡಿಯ ಹಿಂದೆ ಮೊದಲು ಕೂತಿದ್ದ ಜಾಗದಲ್ಲೇ ನಿಂತ. ಮುಖ ಅಳುವವನ ಹಾಗಿತ್ತು. ಸೋತವನ ಮುಖ ಎಂದುಕೊಂಡು ವೀಬ್ಕೆ ಕಣ್ತುಂಬ ನೋಡಿದಳು. ಆಮೇಲೆ ಅವನು ನೋಡುತ್ತಿದ್ದ ಕಡೆ ತಾನೂ ನೋಡಿದಳು. ಮರದ ಹಿಂದಿನ ಕಂಬದ ಮೇಲೆ ಫಲಕ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

"ಗಾಡೀಲಿ ಕೂತು ಬರೋವ್ರಿಗೆ ಆ ಫಲಕ ಕಾಣ್ತಾ ಇರ್ಲಿಲ್ಲ, ನಂಗೆ ನಿನ್ನೆ ಗೊತ್ತಾಯ್ತು," ಎಂದ ಟೀಟ್ಯನ್. "ಕಾಣದೇ ಇರೋ ಫಲಕಕ್ಕೆ ದೂರು ನಿಲ್ಲಲ್ಲ, ಹಾರ್ಮ್ಸ್ ಅವ್ರೇ. ನನ್ ಮೂರು ದೂರೂ ತಪ್ಪು ಅಂತ ಬರ್ಕೊಡೋಕೆ ನಂಗೆ ಬೇಕಾಗಿದ್ದು ಆ ಎಲೆಗಳ ಫೋಟೋ ಒಂದೇ."