ಕ್ಲಚ್ಚಿನ ಕೆಳಗೆ

"ನನ್ನ ಮಗ ಅನೀಲ ಹಾಕಿದ್ರ ಗೇರ್ ಉಸಿರೂ ಬಿಡಂಗಿಲ್ಲ. ಈ ಸೂರ್ಯಾ ಕೈ ಇಟ್ಟನಂದ್ರ ಕರ್ರ್ ಅಂತ ಒದರ್ತದ. ಗೇರ್‌ಬಾಕ್ಸ್ ಹೋಗಿದ್ರ ಇವನಽ ಕೆಡಿಸ್ಯಾನ, ತಿಳಕೋ ರಸೂಲ."

ಜೇವರ್ಗಿಯ ವಿಜಯಪುರ ರಸ್ತೆಯ ಗ್ಯಾರೇಜಿನ ಮುಂದೆ ನಿಂತು ಚಂದ್ರಾಮಪ್ಪ ನಾಲ್ಕು ಮಂದಿಗೆ ಕೇಳುವಂತೆ ಹೇಳಿದ. ಹನ್ನೊಂದು ವರ್ಷದಿಂದ ಅವನ ಕಾರು ನಡೆಸುತ್ತಿದ್ದ ಸೂರ್ಯಕಾಂತ ಕೀಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ.

"ನಾಳಿ ಜಿಡಗಾ ಮಠಕ್ಕ ಹೋಗೂದದ. ಇವಂದೇ ತಪ್ಪಂದ್ರ ಈಗಽ ಹೇಳು, ಬ್ಯಾರೆ ಡ್ರೈವರ್‌ನ ನೋಡ್ತೇನಿ."

"ಸಾವ್ಕಾರ್ರ, ಗೇರ್‌ಬಾಕ್ಸ್ ಕೆಟ್ರ ಎಲ್ಲಾರ ಕೈಯಾಗೂ ಒದರ್ತದ," ಎಂದ ಮೆಕ್ಯಾನಿಕ್ ರಸೂಲ. "ಮನಿಶಾನ್ನ ನೋಡಿ ಒದರಂಗಿಲ್ಲ."

ಕಾರಿನ ಬಾಗಿಲು ತೆಗೆದರೆ, ಡ್ರೈವರ್ ಸೀಟಿನ ನೆತ್ತಿಯಿಂದ ಕಾಲಿಡುವ ಜಾಗದವರೆಗೂ ದಪ್ಪನೆಯ ಕೌದಿ. ರಸೂಲ ಅದನ್ನು ಎಳೆದು ಹಿಂದಿನ ಸೀಟಿಗೆ ಎಸೆದು, ಎಣ್ಣೆ ಬಡಿದ ಪ್ಯಾಂಟಿನಲ್ಲೇ ಕೂತ. ಚಂದ್ರಾಮಪ್ಪ ಏನೂ ಅನ್ನಲಿಲ್ಲ. ಬಸ್ ಸ್ಟ್ಯಾಂಡ್ ತನಕ ಹೋಗಿಬಂದ ರಸೂಲ ರಿವರ್ಸ್ ಹಾಕಿಯೂ ನೋಡಿದ. "ಗಾಡಿ ಬರೊಬ್ಬರಿ ಅದರಿ."

"ಅದಽ ನಾ ಹೇಳೂದು! ಇವನ ಕೈ ಸುಮಾರ ಅದ."

ಸೂರ್ಯಕಾಂತನ ಬಾಯಿಗೆ ಮಾತು ಬಂದು ನಿಂತಿತು. ಅನೀಲನಿಗೆ ಲೈಸೆನ್ಸ್ ಬಂದು ಹದಿನೈದು ದಿನ. ಅವನು ಆ ಸೀಟಿನಲ್ಲಿ ಕೂತ ದಿನವೇ ತಾಯಿ ಸುಭದ್ರಾಬಾಯಿ ಒಳಗಿಂದ ಈ ಕೌದಿ ಕಳಿಸಿದ್ದಳು. ಊರ ಹೊರಗಿನ ಕೇರಿಯ ಸೂರ್ಯಕಾಂತ ಕೂಡುವಾಗ ಹಾಸುವುದು, ಮಗ ಕೂಡುವಾಗ ತೆಗೆಯುವುದು. ಕಾಲಡಿಯಲ್ಲಿ ಅದು ಮೆತ್ತಗೆ ತಡೆಯುವುದು ಮೂರನೆಯ ದಿನವೇ ಸೂರ್ಯಕಾಂತನಿಗೆ ತಿಳಿದಿತ್ತು. ಹೇಳಬೇಕೆಂದರೆ ಕೌದಿಯ ಮಾತೆತ್ತಬೇಕು. ಅದು ಯಾಕೆ ಬಂತೆಂದು ಅವನಿಗೂ ಚಂದ್ರಾಮಪ್ಪನಿಗೂ ಗೊತ್ತಿತ್ತು, ಇಬ್ಬರೂ ಒಮ್ಮೆಯೂ ಆಡಿರಲಿಲ್ಲ.

"ಸೂರ್ಯಾ, ನೀ ಕೂಡ್ರು ನೋಡಮು," ಎಂದ ರಸೂಲ.

"ತಡಿ," ಎಂದ ಚಂದ್ರಾಮಪ್ಪ. ತಾನೇ ಬಗ್ಗಿ ಕೌದಿ ಎಳೆದು, ಸುಕ್ಕು ತೆಗೆದು, ಮೇಲಿಂದ ಕೆಳತನಕ ಹಾಸಿದ. ಇಸ್ತ್ರಿ ಮಾಡಿದ ಪ್ಯಾಂಟಿನ ಸೂರ್ಯಕಾಂತ ಅದು ಮುಗಿಯುವ ತನಕ ನಿಂತಿದ್ದ. ಆಮೇಲೆ ಕೂತು, ಕ್ಲಚ್ ಒತ್ತಿ, ಗೇರ್ ಹಾಕಿದ. ಕರ್ರ್!

"ಕೇಳಿದಿ?"

ರಸೂಲ ಬಾಗಿಲ ಬಳಿ ಮೊಣಕಾಲೂರಿ ಒಳಗೆ ನೋಡಿದ. "ಪೂರಾ ಒತ್ತಲೇ."

"ಒತ್ತೇನಿ ಉಸ್ತಾದ. ಇಷ್ಟಽ ಹೋಗ್ತದ."

ಕ್ಲಚ್ಚು ನೆಲಕ್ಕೆ ಎರಡು ಬೆರಳಿರುವಾಗಲೇ ಕೌದಿಯ ಮಡಿಕೆಗೆ ತಾಗಿ ನಿಂತಿತ್ತು.

"ಇವನ ಕೈ ಅಲ್ರಿ ಸಾವ್ಕಾರ್ರ, ನಿಮ್ಮ ಕೌದಿ! ಅರ್ಧಾ ಕ್ಲಚ್ಚಿನ್ಯಾಗ ಗೇರ್ ಹಾಕಿದ್ರ ಒದರದ ಏನ್ ಮಾಡ್ತದ? ಇದನ್ನ ಯಾಕ ಹಾಸೀರಿ?"

ಚಂದ್ರಾಮಪ್ಪ ರಸ್ತೆ ನೋಡಿದ. ಸೂರ್ಯಕಾಂತ ಸ್ಟೇರಿಂಗ್ ನೋಡಿದ. ರಸೂಲ ಇಬ್ಬರನ್ನೂ ನೋಡಿದ. ತಂಬಾಕು ಅಗಿಯುತ್ತಿದ್ದ ಅವನ ದವಡೆ ನಿಂತಿತು.

ಇನ್ನು ಕೌದಿ ತೆಗೆಯಲೇಬೇಕಲ್ಲ. ಎಳೆಯಲು ಸಸಾರವಾಗಲೆಂದು ಸೂರ್ಯಕಾಂತ ಸ್ಟೇರಿಂಗ್ ಹಿಡಿದು ಸೀಟಿನಿಂದ ಅರ್ಧ ಎದ್ದ.

"ಕತ್ರಿ ಅದನೋ ನಿನ್ನ ಬಲ್ಲಿ?" ಎಂದು ಚಂದ್ರಾಮಪ್ಪ ರಸೂಲನನ್ನು ಕೇಳಿದ.

ಟ್ಯೂಬ್ ಕತ್ತರಿಸುವ ಕತ್ತರಿ ತೆಗೆದುಕೊಂಡು ಚಂದ್ರಾಮಪ್ಪನೇ ಕೌದಿಯ ಕೆಳಗಿನ ಒಂದು ಮೊಳವನ್ನು ನೀಟಾಗಿ ಕತ್ತರಿಸಿದ. ಉಳಿದದ್ದನ್ನು, ಅರ್ಧ ಎದ್ದೇ ಇದ್ದ ಸೂರ್ಯಕಾಂತನ ಕೆಳಗೆ ಮತ್ತೆ ಬಿಗಿಯಾಗಿ ಎಳೆದು ಹಾಸಿದ.

"ಹೂಂ, ಈಗ ಕೂಡ್ರು. ನಿನ್ನ ತಪ್ಪೇನೂ ಇಲ್ಲ ಬಿಡು. ಹಾಕು ಗೇರ್."

ಸೂರ್ಯಕಾಂತ ಕೂತ. ಕ್ಲಚ್ಚು ನೆಲ ಮುಟ್ಟಿತು. ಗೇರ್ ಒಂದು ಮಾತೂ ಆಡದೆ ಬಿತ್ತು.